ಹಳೆಯ ಕಾರಿನ ಸ್ಪಾರ್ಕ್ ಪ್ಲಗ್ ಮತ್ತು ವೈರ್: ಮೊದಲು ಯಾವುದನ್ನು ಬದಲಿಸಬೇಕು?

ಪ್ರಶ್ನೆ

ನನ್ನ ಬಳಿ ಇರುವುದು ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಮತ್ತು ಡಿಸ್ಟ್ರಿಬ್ಯೂಟರ್ (ಕಿಡಿಯ ವಿದ್ಯುತ್ತನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಕಾಲದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಮಳೆ ಬಂದ ದಿನ ಮತ್ತು ಏರು ಹತ್ತುವಾಗ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ನಡುನಡುವೆ ಉರಿ ತಪ್ಪಿ ಕುಂಟುತ್ತದೆ. ಒಣ ಹವೆಯಲ್ಲಿ ಸಮತಟ್ಟು ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಇರಿಡಿಯಮ್ ಪ್ಲಗ್ ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರೆ, ವೈರ್‌ಗಳನ್ನು ಬದಲಿಸದೆ ಪ್ರಯೋಜನವಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಕೆಲಸವನ್ನು ಕೈಯಾರೆ ಮಾಡಿದವರು ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನೀವು ಹೇಳಿದ ಎರಡು ಲಕ್ಷಣಗಳಲ್ಲೇ ಅರ್ಧ ಉತ್ತರವಿದೆ. ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ಗ್ಯಾಪ್ (ತುದಿಯ ಕಡ್ಡಿಗೂ ಕೊಕ್ಕೆಗೂ ನಡುವಿನ ಸಂದು) ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಅಷ್ಟು ವೋಲ್ಟೇಜ್ ಏರುವ ಹೊತ್ತಿಗೆ ವೈರ್‌ನ ರಬ್ಬರ್ ಎಲ್ಲಾದರೂ ಬಿರಿದಿದ್ದು, ಅದರ ಮೇಲೆ ತೇವವೂ ಕೂತಿದ್ದರೆ, ವಿದ್ಯುತ್ತು ಗ್ಯಾಪ್ ದಾಟುವ ಗೋಜಿಗೆ ಹೋಗದೆ ಹತ್ತಿರದ ಲೋಹಕ್ಕೆ ಹಾರಿಬಿಡುತ್ತದೆ. ಆದ್ದರಿಂದ ನಾನಾಗಿದ್ದರೆ ವೈರ್ ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗಳನ್ನು ಮೊದಲು ಅನುಮಾನಿಸುತ್ತೇನೆ, ಪ್ಲಗ್ ಅನ್ನು ಆಮೇಲೆ.

ಇದನ್ನು ಕಣ್ಣಾರೆ ನೋಡಬಹುದು. ರಾತ್ರಿ ಹೊತ್ತು, ಬಯಲಿನಲ್ಲಿ, ಬಾನೆಟ್ ತೆರೆದು ಎಂಜಿನ್ ಅನ್ನು ಐಡ್ಲಿಂಗ್‌ನಲ್ಲಿ ಬಿಟ್ಟು ದೀಪಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾಯಿರಿ. ನಂತರ ಗಿಡಕ್ಕೆ ನೀರು ಹಾಯಿಸುವ ಸಣ್ಣ ಸ್ಪ್ರೇಯಿಂದ ವೈರ್‌ಗಳ ಮೇಲೆ ತೆಳ್ಳಗೆ ಮಂಜಿನಂತೆ ನೀರು ಚಿಮುಕಿಸಿ. ನನ್ನ ಕಾರಿನಲ್ಲಿ ಮೂರನೆಯ ವೈರ್ ಎಂಜಿನ್‌ನ ಬ್ರಾಕೆಟ್‌ಗೆ ತಾಗುವ ಜಾಗದಲ್ಲಿ ಕಡ್ಡಿ ಮುರಿದಂತೆ ಚಟಚಟ ಸದ್ದಾಗಿ, ನೀಲಿ ಎಳೆಯೊಂದು ಮಿಣುಕಿ ಮಾಯವಾಗುತ್ತಿತ್ತು. ಹಗಲಿನಲ್ಲಿ ಅದೇ ಜಾಗವನ್ನು ಹತ್ತು ಸಲ ನೋಡಿದ್ದೆ, ಏನೂ ಕಂಡಿರಲಿಲ್ಲ. ಈ ಪರೀಕ್ಷೆ ಮಾಡುವಾಗ ಯಾವ ವೈರ್ ಅನ್ನೂ ಮುಟ್ಟಬಾರದು, ಏಕೆಂದರೆ ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಪೇಸ್‌ಮೇಕರ್ ಇರುವವರು ಹತ್ತಿರವೂ ಬರಬಾರದು.

ಮಲ್ಟಿಮೀಟರ್ ಇದ್ದರೆ ಎಂಜಿನ್ ನಿಲ್ಲಿಸಿ ಒಂದೊಂದೇ ವೈರ್ ಬಿಚ್ಚಿ ರೆಸಿಸ್ಟೆನ್ಸ್ ಅಳೆಯಿರಿ. ಇಂಗಾಲದ ಎಳೆಯ ವೈರ್‌ಗಳಲ್ಲಿ ಅದು ಉದ್ದಕ್ಕೆ ತಕ್ಕಂತೆ ಹೆಚ್ಚುತ್ತದೆ, ಸಾಮಾನ್ಯವಾಗಿ ಮೀಟರಿಗೆ 10ರಿಂದ 20 ಕಿಲೋ ಓಮ್ ಆಸುಪಾಸಿನಲ್ಲಿರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಹೋಲಿಕೆ: ಮೂರು ವೈರ್‌ಗಳು ಉದ್ದಕ್ಕೆ ತಕ್ಕಂತೆ 6, 7, 9 ಎಂದು ತೋರಿಸಿ ನಾಲ್ಕನೆಯದು 38 ಎಂದು ತೋರಿಸಿದರೆ, ಅಥವಾ ಬಾಗಿಸಿದಾಗ ಅಂಕಿ ಕುಣಿದಾಡಿದರೆ, ಅದರ ಒಳ ಎಳೆ ತುಂಡಾಗಿದೆ ಎಂದೇ ಅರ್ಥ. ಆದರೆ ಮೀಟರ್ ಹೇಳುವುದು ಒಳಗಿನ ಎಳೆಯ ಸ್ಥಿತಿಯನ್ನು ಮಾತ್ರ. ಹೊರಗಿನ ರಬ್ಬರ್ ಸೋರುತ್ತಿದೆಯೇ ಎಂಬುದಕ್ಕೆ ಕತ್ತಲೆಯ ಪರೀಕ್ಷೆಯೇ ಬೇಕು. ಒಂದು ವೈರ್ ಕೆಟ್ಟಿದ್ದರೂ ಇಡೀ ಸೆಟ್ ಬದಲಿಸುವುದು ಮೇಲು, ಉಳಿದವಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಕ್ಯಾಪ್ ತೆಗೆದಾಗ ಒಳಗೆ ಪೆನ್ಸಿಲಿನಿಂದ ಗೀಚಿದಂಥ ಕಪ್ಪು ಗೆರೆ ಕಂಡರೆ ಅದನ್ನು ಒರೆಸಿ ಪ್ರಯೋಜನವಿಲ್ಲ. ಕ್ಯಾಪ್ ಮತ್ತು ಅದರೊಳಗೆ ತಿರುಗುವ ರೋಟರ್ ಎರಡನ್ನೂ ಬದಲಿಸಿ.

ಇನ್ನು ಪ್ಲಗ್. ವಾಹನದ ಕೈಪಿಡಿಯಲ್ಲಿರುವ ಸಂಖ್ಯೆಯೇ ಮೊದಲ ಮಾತು. ಥ್ರೆಡ್‌ನ ವ್ಯಾಸ ಒಂದೇ 14 ಮಿಲಿಮೀಟರ್ ಆಗಿದ್ದರೂ ಅದರ ಉದ್ದ 12.7 ಅಥವಾ 19 ಮಿಲಿಮೀಟರ್ ಇರಬಹುದು. ಗಿಡ್ಡ ಪ್ಲಗ್ ಬೇಕಾದ ಕಡೆ ಉದ್ದನೆಯದನ್ನು ಹಾಕಿದರೆ ಪಿಸ್ಟನ್‌ಗೋ ವಾಲ್ವ್‌ಗೋ ಬಡಿಯುವ ಅಪಾಯವಿದೆ. ಎರಡನೆಯ ಮೋಸ ಹೀಟ್ ರೇಂಜ್‌ನದು, ಅಂದರೆ ಪ್ಲಗ್ ತನ್ನ ತುದಿಯ ಶಾಖವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದರದು. ಪ್ಲಗ್‌ನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಸಿ ಉರಿದುಹೋಗದೆ ಕೂರುತ್ತದೆ, 850 ಡಿಗ್ರಿಯ ಆಚೆಗೆ ಕಿಡಿಗೂ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುವ ಭಯ. ಎನ್‌ಜಿಕೆ ಸಂಖ್ಯೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ‘ಕೋಲ್ಡ್’ (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು), ಬಾಷ್‌ನಲ್ಲಿ ಅದು ತಿರುವುಮುರುವು. ಆದ್ದರಿಂದ ಒಂದು ಕಂಪನಿಯ ಅಂಕಿಯನ್ನು ನೋಡಿ ಇನ್ನೊಂದು ಕಂಪನಿಯ ಪ್ಲಗ್ ಅನ್ನು ಅಂದಾಜಿನಿಂದ ಕೊಳ್ಳಬೇಡಿ.

ಇರಿಡಿಯಮ್ ಕೆಟ್ಟದ್ದಲ್ಲ. ಅದರ ತೆಳ್ಳನೆಯ ತುದಿಯಿಂದ ಕಡಿಮೆ ವೋಲ್ಟೇಜ್‌ನಲ್ಲೇ ಕಿಡಿ ಹಾರುತ್ತದೆ, ಬಾಳಿಕೆಯೂ ಬಹಳ. ಅದೇ ಕಾರಣಕ್ಕೆ ಅದನ್ನು ಹಾಕಿದ ಕೂಡಲೇ ಸೋರುವ ವೈರ್‌ನ ತಕರಾರು ಕೆಲವು ದಿನ ಅಡಗಿಕೊಂಡು, ರೋಗ ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ. ಸ್ವಲ್ಪ ಆಯಿಲ್ ಕುಡಿಯುವ ಹಳೆಯ ಎಂಜಿನ್‌ನಲ್ಲಿ ಪ್ಲಗ್ ಸವೆಯುವ ಮುಂಚೆಯೇ ಹೊಲಸಾಗುವುದರಿಂದ, ಸಾಧಾರಣ ನಿಕಲ್ ಪ್ಲಗ್ ಹಾಕಿ ಅವಧಿಗೆ ಸರಿಯಾಗಿ ಬದಲಿಸುವುದೇ ಜಾಣತನವೆಂದು ನನಗೆ ಅನಿಸುತ್ತದೆ.

ಬಿಚ್ಚಿದ ಹಳೆಯ ಪ್ಲಗ್‌ಗಳನ್ನು ಎಸೆಯುವ ಮುಂಚೆ ಸಿಲಿಂಡರ್ ಕ್ರಮದಲ್ಲಿ ಸಾಲಾಗಿ ಇಟ್ಟು ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಕ್ಷೇಮ. ಒಣಗಿದ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾಗಿರುವುದನ್ನೂ, ಜಿಡ್ಡಿನ ಕಪ್ಪು ಆಯಿಲ್ ಒಳಗೆ ಇಳಿಯುತ್ತಿರುವುದನ್ನೂ, ಸುಣ್ಣದಂತೆ ಬಿಳುಚಿ ಗುಳ್ಳೆ ಎದ್ದ ತುದಿ ಅತಿಯಾದ ಶಾಖವನ್ನೂ ಹೇಳುತ್ತವೆ. ನಾಲ್ಕೂ ಒಂದೇ ಬಗೆಯಾಗಿದ್ದರೆ ಕಾರ್ಬ್ಯುರೇಟರ್ ಅಥವಾ ಟೈಮಿಂಗ್ (ಕಿಡಿ ಹಾರುವ ಹೊತ್ತು) ಕಡೆ ನೋಡಬೇಕು. ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರನ್ನೂ ಅದರ ವೈರ್ ಅನ್ನೂ.

ಎರಡನೆಯ ಉತ್ತರ

ಮೇಲಿನವರು ಬಿಚ್ಚುವ ಮತ್ತು ಬಿಗಿಯುವ ಬಗ್ಗೆ ಹೇಳಲಿಲ್ಲ. ನಾನು ಪೆಟ್ಟು ತಿಂದದ್ದು ಅಲ್ಲಿಯೇ. ದೂರ ಓಡಿಸಿ ತಂದ ಕಾರಿನ ಪ್ಲಗ್ ಅನ್ನು ಎಂಜಿನ್ ತಣ್ಣಗಾಗುವ ಮೊದಲೇ ಬಿಚ್ಚಲು ಹೋದೆ. ಸ್ಪ್ಯಾನರ್ ಅರ್ಧ ಸುತ್ತು ಸಲೀಸಾಗಿ ತಿರುಗಿ, ಆಮೇಲೆ ಮರಳು ಅರೆದಂತೆ ಕಿರುಗುಟ್ಟಿತು. ಪ್ಲಗ್ ಹೊರಬಂದಾಗ ಅದರ ಮೈಗೆ ಅಲ್ಯೂಮಿನಿಯಮ್ ಹೆಡ್‌ನ (ಸಿಲಿಂಡರುಗಳ ಮೇಲ್ಮುಚ್ಚಳದ) ಥ್ರೆಡ್ ಸುರುಳಿಯಾಗಿ ಅಂಟಿಕೊಂಡಿತ್ತು. ಕೊನೆಗೆ ಹೆಡ್‌ಗೆ ಉಕ್ಕಿನ ಥ್ರೆಡ್ ಇನ್ಸರ್ಟ್ ಕೂರಿಸಬೇಕಾಯಿತು.

ಅಂದಿನಿಂದ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೈ ಹಾಕುತ್ತೇನೆ. ಬಿಚ್ಚುವ ಮುಂಚೆ ಗುಳಿಯಲ್ಲಿರುವ ಧೂಳನ್ನು ಗಾಳಿ ಊದಿ ತೆಗೆಯುತ್ತೇನೆ, ಇಲ್ಲವಾದರೆ ಅದು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಹೊಸ ಪ್ಲಗ್‌ನ ತಲೆಗೆ ಒಂದು ಗೇಣು ರಬ್ಬರ್ ಟ್ಯೂಬ್ ಸಿಕ್ಕಿಸಿ ಅದರಿಂದಲೇ ತಿರುಗಿಸುತ್ತೇನೆ. ಥ್ರೆಡ್ ಓರೆಯಾಗಿ ಹಿಡಿದರೆ ಟ್ಯೂಬ್ ಜಾರುತ್ತದೆಯೇ ಹೊರತು ಪ್ಲಗ್ ಒಳಗೆ ನುಗ್ಗುವುದಿಲ್ಲ. ವಾಷರ್ ಇರುವ ಹೊಸ ಪ್ಲಗ್ ಕೈಬಿಗಿಯಾದ ನಂತರ ಅರ್ಧದಿಂದ ಮೂರನೇ ಎರಡು ಭಾಗದಷ್ಟು ಸುತ್ತು ಸಾಕು. ವಾಷರ್ ಇಲ್ಲದ, ಶಂಕುವಿನಾಕಾರದ ಸೀಟಿನ ಪ್ಲಗ್‌ಗೆ ಹದಿನಾರನೇ ಒಂದು ಭಾಗ ಮಾತ್ರ. ಟಾರ್ಕ್ ವ್ರೆಂಚ್ ಇದ್ದರೆ ಕೈಪಿಡಿಯ ಅಂಕಿಯನ್ನು ಅನುಸರಿಸಿ. ಥ್ರೆಡ್‌ಗೆ ಗ್ರೀಸ್ ಬಳಿಯುವವರಿದ್ದಾರೆ. ಆಗ ಜಾರಿಕೆ ಹೆಚ್ಚಿ, ವ್ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿದುಹೋಗುತ್ತದೆ. ಲೋಹಲೇಪನವಿರುವ ಪ್ಲಗ್‌ಗೆ ಅದು ಬೇಕಾಗಿಯೂ ಇಲ್ಲ.

ಗ್ಯಾಪ್ ಅನ್ನು ಡಬ್ಬಿಯ ಮೇಲಿನ ಮಾತು ನಂಬದೆ ಫೀಲರ್ ಗೇಜ್‌ನಿಂದ ಅಳೆಯಿರಿ. ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸ್ವಿಚ್) ಇರುವ ಹಳೆಯ ಇಗ್ನಿಷನ್‌ಗೆ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್. ಸರಿಪಡಿಸುವಾಗ ಹೊರಗಿನ ಕೊಕ್ಕೆಯನ್ನು ಮಾತ್ರ ಬಾಗಿಸಬೇಕು, ನಡುವಿನ ಕಡ್ಡಿಯನ್ನು ಮುಟ್ಟಬಾರದು. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ನೋಡಲು ಚೆನ್ನಾಗಿಯೇ ಇದ್ದರೂ ಒಳಗಿನ ಪಿಂಗಾಣಿ ಬಿರಿದಿರಬಹುದು, ಅದನ್ನು ಬಳಸಬೇಡಿ.

ಮೂರನೆಯ ಉತ್ತರ

ನನ್ನದು ಚಿಕ್ಕ ಮಾತು. ನಾಲ್ಕು ವೈರ್‌ಗಳನ್ನು ಒಟ್ಟಿಗೆ ಕಿತ್ತು ಆಮೇಲೆ ಯಾವುದು ಎಲ್ಲಿಗೆ ಎಂದು ತಲೆ ಕೆರೆದುಕೊಂಡವನು ನಾನು. ಒಂದನ್ನು ತೆಗೆದು, ಅದೇ ಉದ್ದದ ಹೊಸದನ್ನು ಹಾಕಿ, ನಂತರ ಮುಂದಿನದಕ್ಕೆ ಹೋಗಿ. ಅನೇಕ ನಾಲ್ಕು ಸಿಲಿಂಡರ್ ಎಂಜಿನ್‌ಗಳ ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ) 1-3-4-2 ಆಗಿರುತ್ತದೆಯಾದರೂ ನಿಮ್ಮದನ್ನು ಕೈಪಿಡಿಯಲ್ಲೇ ನೋಡಿಕೊಳ್ಳಿ. ವೈರ್ ಹಿಡಿದು ಎಳೆಯದೆ, ಅದರ ತುದಿಯ ರಬ್ಬರ್ ಟೊಪ್ಪಿಯಾದ ಬೂಟನ್ನು ಸ್ವಲ್ಪ ತಿರುಚಿ ಸಡಿಲಿಸಿ ಎಳೆಯಿರಿ. ಹಾಕುವಾಗ ‘ಟಕ್’ ಎಂದು ಕೂತದ್ದು ಬೆರಳಿಗೆ ತಿಳಿಯಬೇಕು. ವೈರ್‌ಗಳನ್ನು ಕ್ಲಿಪ್‌ಗಳಲ್ಲಿ ಬಿಡಿಬಿಡಿಯಾಗಿ ಕೂರಿಸಿ. ಅಂದಕ್ಕೆಂದು ಒಟ್ಟಿಗೆ ಕಟ್ಟಿದರೆ ಒಂದರ ವೋಲ್ಟೇಜ್ ಪಕ್ಕದ್ದಕ್ಕೆ ಹಾಯುವ ಸಾಧ್ಯತೆ ಇದೆ.

ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಕತ್ತಲೆಯಲ್ಲಿ ನೀರು ಚಿಮುಕಿಸಿ ನೋಡಿದಾಗ ಎರಡನೆಯ ವೈರ್‌ನ ಬೂಟಿನ ಬುಡದಲ್ಲಿ ನೀಲಿ ಕಿಡಿ ಸ್ಪಷ್ಟವಾಗಿ ಕಂಡಿತು. ವೈರ್ ಸೆಟ್, ಕ್ಯಾಪ್, ರೋಟರ್ ಬದಲಿಸಿ, ಕೈಪಿಡಿಯ ಸಂಖ್ಯೆಯ ಸಾಧಾರಣ ಪ್ಲಗ್‌ಗಳನ್ನು 0.7 ಮಿಲಿಮೀಟರ್ ಗ್ಯಾಪ್‌ಗೆ ಹೊಂದಿಸಿ ಹಾಕಿದ್ದೇನೆ. ನಿನ್ನೆಯ ಮಳೆಯಲ್ಲಿ ಏರು ಹತ್ತಿಸಿದರೂ ಮಿಸ್ಸಿಂಗ್ ಇರಲಿಲ್ಲ. ಆದರೆ ಹಳೆಯ ಪ್ಲಗ್‌ಗಳನ್ನು ಸಾಲಾಗಿ ಇಟ್ಟಾಗ ನಾಲ್ಕನೆಯದು ಮಾತ್ರ ಜಿಡ್ಡಾಗಿತ್ತು, ಆದ್ದರಿಂದ ಮುಂದಿನ ವಾರ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸುತ್ತಿದ್ದೇನೆ.