ತೋಳಲ್ಲಿ ತರಿತರಿ, ಬೆನ್ನ ತುಂಬ ಗುಳ್ಳೆ: ಎರಡಕ್ಕೂ ಒಂದೇ ಔಷಧಿ ಸಾಕಾ?

ತುಮಕೂರ್_ಹುಡ್ಗಿ:
ಎಲ್ರಿಗೂ ನಮಸ್ಕಾರ. ವಯಸ್ಸು 22, ಓದೋಕೆ ಅಂತ ಮಂಗಳೂರಿಗೆ ಬಂದು 8 ತಿಂಗ್ಳಾಯ್ತು. ಹೈಸ್ಕೂಲಿಂದಾನೂ ತೋಳಿನ ಹಿಂಭಾಗ, ತೊಡೆ ಮೇಲೆ ಸಣ್ಣ ಗಟ್ಟಿ ಗುಳ್ಳೆ ಇದೆ, ಕೈಯಾಡಿಸಿದ್ರೆ ರವೆ ಮುಟ್ಟಿದ ಹಾಗೆ ತರಿತರಿ, ನೋವಿಲ್ಲ ಆದ್ರೆ ಸ್ಲೀವ್‌ಲೆಸ್ ಹಾಕೋಕೆ ಮನಸ್ಸೇ ಬರಲ್ಲ. ಇಲ್ಲಿಗೆ ಬಂದ್ಮೇಲೆ ಬೆನ್ನು, ಭುಜ, ಎದೆ ಮೇಲೂ ಶುರುವಾಗಿದೆ. ದಿನಾ ಹೀರೇಕಾಯಿ ನಾರಲ್ಲಿ ಉಜ್ಜಿದೆ, ಕಡ್ಲೆಹಿಟ್ಟು ಅರಿಶಿನ ಹಚ್ಚಿದೆ, ಮೊಡವೆಗೆ ಬರೋ ಬೆಂಜಾಯಿಲ್ ಪೆರಾಕ್ಸೈಡ್ ವಾಶ್ ಒಂದು ತಿಂಗ್ಳು ಹಾಕಿದೆ, ಯಾವುದಕ್ಕೂ ಕಮ್ಮಿ ಆಗ್ತಿಲ್ಲ. ಏನ್ಮಾಡ್ಲಿ?

ಮೆಡಿಕಲ್ಸ್_ಅಕ್ಕ:
ಮೊದ್ಲು ಇಷ್ಟು ಹೇಳಮ್ಮಾ, ಬೆನ್ನಲ್ಲಿ ಇರೋದು ಕಡಿಯುತ್ತಾ? ಗುಳ್ಳೆ ಎಲ್ಲಾ ಒಂದೇ ಸೈಜಾ, ಇಲ್ಲ ಮಧ್ಯೆ ಕಪ್ಪು ತಲೆದು, ಕೀವಿಂದು, ದಪ್ಪಂದು ಅಂತ ಬೇರೆ ಬೇರೆ ಥರ ಇದೆಯಾ? ಇತ್ತೀಚೆಗೆ ಮಾತ್ರೆ, ಕ್ರೀಮ್ ಏನಾದ್ರೂ?

ತುಮಕೂರ್_ಹುಡ್ಗಿ:
ಬೆವರಿದ್ರೆ ಸಿಕ್ಕಾಪಟ್ಟೆ ಕಡಿಯುತ್ತೆ ಅಕ್ಕ. ಎಲ್ಲಾ ಸಾಸಿವೆ ಕಾಳಿನಷ್ಟೇ. ಸೈನಸ್‌ಗೆ ಅಂತ 10 ದಿನ ಆಂಟಿಬಯೋಟಿಕ್ ತಗೊಂಡಿದ್ದೆ, ಆಮೇಲೇ ಜಾಸ್ತಿ ಆಗಿದ್ದು. ಭಾನುವಾರ ಮೈಗೆಲ್ಲಾ ಕೊಬ್ಬರಿ ಎಣ್ಣೆ ಹಚ್ಕೋತೀನಿ. ರೂಮ್‌ಮೇಟ್ ಒಂದು ಟ್ಯೂಬ್ ಕೊಟ್ಟಿದ್ಳು, ಹಚ್ಚಿದ್ರೆ ಎರಡು ದಿನ ತುರಿಕೆ ನಿಲ್ಲುತ್ತೆ, ಬಿಟ್ರೆ ಮತ್ತೆ ಬರುತ್ತೆ, ಅದ್ರ ಮೇಲೆ ಕ್ಲೋಬೆಟಾಸಾಲ್ ಅಂತಿದೆ.

ಮೆಡಿಕಲ್ಸ್_ಅಕ್ಕ:
ಆ ಟ್ಯೂಬ್ ಇವತ್ತೇ ಪಕ್ಕಕ್ಕಿಡು. ಅದು ತುಂಬಾ ಸ್ಟ್ರಾಂಗ್ ಸ್ಟೀರಾಯ್ಡ್, ತುರಿಕೆ ಅಡಗಿಸುತ್ತೆ ಅಷ್ಟೇ, ಒಳಗಿರೋದನ್ನ ಬೆಳೆಸುತ್ತೆ, ಚರ್ಮಾನೂ ತೆಳು ಮಾಡುತ್ತೆ. ಅಂಗಡೀಲಿ ಕೂತು ದಿನಾ ನೋಡ್ತೀನಿ, ಚೀಟಿ ಇಲ್ದೆ ಕೇಳ್ಕೊಂಡು ಬರ್ತಾರೆ, ಹೊಟ್ಟೆ ಉರಿಯುತ್ತೆ.

ನೀನು ಹೇಳೋದು ನೋಡಿದ್ರೆ ನಿಂಗಿರೋದು ಎರಡು ಬೇರೆ ತೊಂದ್ರೆ. ಬೆನ್ನಿಂದು ಮೊಡವೆ ಥರ ಕಂಡ್ರೂ ಫಂಗಸ್ ಇರ್ಬೋದು, ಮಲಸೀಝಿಯಾ ಅನ್ನೋ ಯೀಸ್ಟು ಎಲ್ಲರ ಚರ್ಮದಲ್ಲೂ ಇರುತ್ತೆ, ಬದುಕೋದು ಎಣ್ಣೆ ಮೇಲೆ, ಕರಾವಳಿ ಸೆಕೆ ಬೆವರಿಗೆ ಹೆಚ್ಚಾಗಿ ಕೂದಲ ಬುಡದೊಳಗೆ ಸೇರ್ಕೊಳ್ಳುತ್ತೆ, ಆಂಟಿಬಯೋಟಿಕ್ ಅದ್ರ ಜೊತೆಗಿರೋ ಬ್ಯಾಕ್ಟೀರಿಯಾನ ಕೊಂದು ಇದಕ್ಕೆ ಜಾಗ ಬಿಟ್ಕೊಡುತ್ತೆ. ಅದಕ್ಕೇ ಮೊಡವೆ ಔಷಧಿ ಕೆಲಸ ಮಾಡ್ಲಿಲ್ಲ. ಚರ್ಮದ ಡಾಕ್ಟ್ರಿಗೆ ತೋರ್ಸು, ಟ್ಯೂಬ್ ಎಷ್ಟು ದಿನ ಹಚ್ಚಿದ್ದೆ ಅಂತಾನೂ ಮುಚ್ಚಿಡ್ದೆ ಹೇಳು. ಸಾಮಾನ್ಯವಾಗಿ 2% ಕೀಟೋಕೊನಜೋಲ್ ಶಾಂಪೂನ ಬೆನ್ನಿಗೆ ಹಚ್ಚಿ 5-10 ನಿಮಿಷ ಬಿಟ್ಟು ತೊಳಿಯೋಕೆ ಹೇಳ್ತಾರೆ. ಮೈಗೆ ಎಣ್ಣೆ ಸದ್ಯಕ್ಕೆ ಬೇಡ, ಬೆವರಿದ ಬಟ್ಟೆ ಕೂಡ್ಲೇ ಬದಲಾಯ್ಸು.

ಒರಟು_ತೋಳು:
ತೋಳಿನ ಬಗ್ಗೆ ನಾನು ಹೇಳ್ತೀನಿ, ನಂಗೂ 15 ವರ್ಷದಿಂದ ಇದೆ. ಕೆರಟೋಸಿಸ್ ಪಿಲಾರಿಸ್ ಅಂತಾರೆ, ಚರ್ಮದಲ್ಲಿರೋ ಕೆರಟಿನ್ ಅನ್ನೋ ಗಟ್ಟಿ ಪ್ರೋಟೀನೇ ಕೂದಲ ಬುಡಕ್ಕೆ ಬಿರಡೆ ಥರ ಕೂತಿರೋದು, ಕೊಳೆ ಅಲ್ಲ. ದಯವಿಟ್ಟು ಉಜ್ಜಬೇಡಿ, ನಾನು ಉಜ್ಜಿ ಉಜ್ಜಿ ಕಪ್ಪು ಕಲೆ ಮಾಡ್ಕೊಂಡು ಅದು ಹೋಗೋಕೆ ಎರಡು ವರ್ಷ ಬೇಕಾಯ್ತು. ಸ್ನಾನ ಆದ್ಮೇಲೆ ಮೈ ಇನ್ನೂ ಹಸಿ ಇದ್ದಾಗ್ಲೇ 10% ಯೂರಿಯಾ ಕ್ರೀಮೋ 12% ಲ್ಯಾಕ್ಟಿಕ್ ಆಸಿಡ್ ಲೋಷನ್ನೋ, ಯಾವುದಾದ್ರೂ ಒಂದು. ವ್ಯಾಕ್ಸಿಂಗ್ ಮಾಡಿದ ದಿನ ಹಚ್ಚಿದ್ರೆ ಉರಿಯುತ್ತೆ, ಬೇಡ. ನುಣುಪಾಗೋಕೆ ಒಂದೆರಡು ತಿಂಗ್ಳು ಹಿಡಿಯುತ್ತೆ, ಬಿಟ್ರೆ ವಾಪಸ್ ಬರುತ್ತೆ. ಹೆಚ್ಚಾಗಿ ಮನೆತನದಲ್ಲೇ ಬರೋದು, ಅಮ್ಮನ್ನೋ ಅಪ್ಪನ್ನೋ ಕೇಳಿ ನೋಡಿ.

ತುಮಕೂರ್_ಹುಡ್ಗಿ:
6 ವಾರ ಆಯ್ತು, ಹೇಳ್ದೆ ಇರೋಕಾಗ್ಲಿಲ್ಲ. ಡಾಕ್ಟ್ರೂ ಫಂಗಸ್ಸೇ ಅಂದ್ರು, ಶಾಂಪೂ ಜೊತೆ ಮಾತ್ರೆನೂ ಕೊಟ್ರು, ತುರಿಕೆ ಪೂರ್ತಿ ನಿಂತಿದೆ, ಕಲೆ ಮಾತ್ರ ಉಳ್ಕೊಂಡಿದೆ. ತೋಳು ಈಗೀಗ ಮೆತ್ತಗಾಗ್ತಿದೆ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ತೋಳು ಮುಟ್ಟಿ ನೋಡ್ದೆ, ಅದೇ ತರಿತರಿ. ಈ ಸಲ ಲೋಷನ್ ಎರಡು ಬಾಟ್ಲಿ ತಗೊಂಡೆ.