ಕಾಲೆತ್ತಿದರೆ ಎಡ ತಿರುವಿನಲ್ಲಿ ಬಾಲ ಬೀಸುವ 1991ರ ಎಂಎಕ್ಸ್-5

ಮೂರನೇ ಗೇರ್:

ನನ್ನ ಬಳಿ 1991ರ ಮಾಜ್ದಾ ಎಂಎಕ್ಸ್-5 ಇದೆ, 1.6 ಲೀಟರ್ ಎಂಜಿನ್ನಿನದು. ಒಂಬತ್ತು ವರ್ಷಗಳಿಂದ ನಾನೊಬ್ಬನೇ ಓಡಿಸುತ್ತಿದ್ದೇನೆ, ಅದರ ನಡಿಗೆ ನನಗೆ ಚೆನ್ನಾಗಿ ಗೊತ್ತು. ಈಗ ಆ ನಡಿಗೆ ಕೆಟ್ಟಿದೆ.

ಎಡ ತಿರುವಿನಲ್ಲಿ, ಗಂಟೆಗೆ 60 ಕಿಲೋಮೀಟರ್ ಆಸುಪಾಸಿನಲ್ಲಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಹಿಂಬದಿ ಹೊರಕ್ಕೆ ಸರಿಯುತ್ತದೆ. ಟೈರು ಜಾರಿದ ಹಾಗಲ್ಲ, ಯಾರೋ ಸೊಂಟ ಹಿಡಿದು ಒಂದು ಅಂಗುಲ ಪಕ್ಕಕ್ಕೆ ತಳ್ಳಿದ ಹಾಗೆ. ಬಲ ತಿರುವಿನಲ್ಲಿ ಏನೂ ಇಲ್ಲ. ನೇರ ರಸ್ತೆಯಲ್ಲೂ ಆಕ್ಸಿಲರೇಟರ್ ಒತ್ತಿದರೆ ಕಾರು ಕೊಂಚ ಬಲಕ್ಕೆ ಎಳೆಯುತ್ತದೆ, ಬಿಟ್ಟರೆ ಎಡಕ್ಕೆ. ಇದರ ಜೊತೆಗೆ ತಿರುವಿನ ನಡುವೆ ಸೇತುವೆಯ ಕೂಡುಪಟ್ಟಿ ಬಂದರೆ ಬಾಲ ಕುಪ್ಪಳಿಸುತ್ತದೆ.

ಇದೆಲ್ಲ ಶುರುವಾದದ್ದು ಐದು ತಿಂಗಳ ಹಿಂದೆ, ಹೊಸ ಶಾಕ್ ಅಬ್ಸಾರ್ಬರ್‌ಗಳನ್ನೂ ಕಾರನ್ನು 30 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್‌ಗಳನ್ನೂ ಹಾಕಿಸಿದ ಮೇಲೆ. ಬಳಿಕ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಮಾಡಿಸಿದ್ದೇನೆ. ಹಾಳೆಯಲ್ಲಿ ನಾಲ್ಕೂ ಚಕ್ರಗಳ ಅಂಕಿ ಹಸಿರು ಬಣ್ಣದಲ್ಲಿವೆ. ಒಬ್ಬ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ದೋಷ, ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರ ಪ್ರಕಾರ ಹಳೆಯ ಕಾರು, ಹಿಂಚಕ್ರ ಚಾಲನೆ, ಹಾಗೆಯೇ ಇರುತ್ತದೆ. ಒಂಬತ್ತು ವರ್ಷ ಹಾಗಿರಲಿಲ್ಲವಲ್ಲ! ಎಲ್ಲಿಂದ ಹುಡುಕಲಿ?

ರಾತ್ರಿಪಾಳಿ:

ಖರ್ಚಿಲ್ಲದ್ದನ್ನು ಮೊದಲು ಮುಗಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಇಂತಹ ಕಾರುಗಳು ಕಡಿಮೆ ಓಡುವುದರಿಂದ ಗೀರು ಆಳವಾಗಿಯೇ ಇರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಗಾಳಿಯ ಒತ್ತಡವನ್ನೂ ನೋಡಿ. ಈ ಕಾರಿಗೆ ಕಂಪನಿ ಹೇಳಿದ್ದು 26 ಪಿಎಸ್‌ಐ, ದೊಡ್ಡ ಕಾರುಗಳ ಅಭ್ಯಾಸದಲ್ಲಿ ಎಲ್ಲರೂ 32 ಹೊಡೆಯುತ್ತಾರೆ.

ಆಮೇಲೆ ಹಿಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. ಕಾಯಿಲೆ ಬಲ ತಿರುವಿಗೆ ಹೋದರೆ ಟೈರು, ಎಡದಲ್ಲೇ ಉಳಿದರೆ ಟೈರಲ್ಲ.

ಹಳೆಯ ಗಾಲಿ:

ಟೈರಿನ ಪರೀಕ್ಷೆ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ನೀವು ಬರೆದದ್ದರಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ, ಮತ್ತು ಅದು ಶಾಕ್ ಅಬ್ಸಾರ್ಬರ್ ಅಲ್ಲ. ಶಾಕ್ ಚಕ್ರದ ಏರಿಳಿತವನ್ನು ತಡೆಯುತ್ತದೆಯೇ ಹೊರತು ಅದು ಯಾವ ಕಡೆ ಮುಖ ಮಾಡಬೇಕೆಂಬುದನ್ನು ನಿರ್ಧರಿಸುವುದಿಲ್ಲ. ನಯವಾದ ನೇರ ರಸ್ತೆಯಲ್ಲಿ, ಕಾಲು ಒತ್ತಿದರೆ ಒಂದು ಕಡೆ, ಬಿಟ್ಟರೆ ಇನ್ನೊಂದು ಕಡೆ ಎಂದರೆ ಹಿಂದಿನ ಯಾವುದೋ ಒಂದು ಚಕ್ರ ತಾನೇ ಸ್ಟೀರಿಂಗ್ ಮಾಡುತ್ತಿದೆ.

ಯಾವುದು? ಕಾಲು ಒತ್ತಿದಾಗ ರಸ್ತೆ ಟೈರನ್ನು ಮುಂದಕ್ಕೆ ನೂಕುತ್ತದೆ. ಟೈರು ನೆಲ ಮುಟ್ಟುವ ಜಾಗ ಬುಷ್‌ಗಳಿಗಿಂತ (ಚಕ್ರ ಹಿಡಿದ ತೋಳುಗಳ ಕೀಲಿನಲ್ಲಿರುವ ರಬ್ಬರ್ ತುಂಡುಗಳು) ಹೊರಗಿದೆ, ಹಾಗಾಗಿ ಎಲ್ಲಾದರೂ ಸಡಿಲವಿದ್ದರೆ ಚಕ್ರದ ಮುಖ ಒಳಕ್ಕೆ ತಿರುಗುತ್ತದೆ. ಕಾಲೆತ್ತಿದಾಗ ಎಂಜಿನ್ ತಡೆಯುತ್ತದೆ, ಮುಖ ಹೊರಕ್ಕೆ. ಈಗ ಸಡಿಲ ಇರುವುದು ಬಲ ಹಿಂಚಕ್ರದಲ್ಲಿ ಎಂದುಕೊಳ್ಳಿ. ಒತ್ತಿದಾಗ ಅದು ಒಳಕ್ಕೆ, ಅಂದರೆ ಎಡಕ್ಕೆ ನೋಡುತ್ತದೆ. ಬಾಲ ಎಡಕ್ಕೆ ನಡೆದು ಕಾರಿನ ಮೂತಿ ಬಲಕ್ಕೆ ಹೋಗುತ್ತದೆ. ಬಿಟ್ಟರೆ ತಿರುಗುಮುರುಗು. ಎಡ ತಿರುವಿನಲ್ಲಂತೂ ಭಾರವೆಲ್ಲ ಆ ಬಲ ಚಕ್ರದ ಮೇಲೆಯೇ ಬಿದ್ದಿರುತ್ತದೆ. ಕುಪ್ಪಳಿಸುವುದೊಂದನ್ನು ಬಿಟ್ಟು ನೀವು ಹೇಳಿದ ಲಕ್ಷಣಗಳೆಲ್ಲ ಕೂಡಿ ಬಂದವು. (ಈ ಕಾಟ ಹೊಸದಲ್ಲ. ಪೋರ್ಶೆಯವರು 928 ಎಂಬ ಕಾರಿನಲ್ಲಿ ತಂದ ವೈಸಾಖ್ ಆಕ್ಸಲ್ ಎಂಬ ಹಿಂಚಕ್ರಗಳ ಜೋಡಣೆ ಇದಕ್ಕಾಗಿಯೇ: ಕಾಲೆತ್ತಿದಾಗ ಚಕ್ರ ಹೊರಕ್ಕೆ ತಿರುಗುವ ಬದಲು ಒಳಕ್ಕೆ ತಿರುಗಲಿ ಎಂದು.)

ನಿಮ್ಮ ಕಾರಿನ ಹಿಂಚಕ್ರವನ್ನು ಕೆಳಗಿನಿಂದ ಹಿಡಿದಿರುವ ಕೆಳತೋಳಿಗೆ ಒಳಬದಿಯಲ್ಲಿ ಎರಡು ಬೋಲ್ಟ್‌ಗಳಿವೆ, ವಾರೆ ಕೇಂದ್ರದ ವಾಷರ್ ಇರುವಂಥವು. ಅಲೈನ್‌ಮೆಂಟ್ ಮಾಡುವವರು ತಿರುಗಿಸುವುದು ಇವನ್ನೇ. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ಈ ಬೋಲ್ಟ್ ಬುಷ್‌ನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಿದರೆ ಬೋಲ್ಟ್ ಜೊತೆ ಕೊಳವೆಯೂ ತಿರುಗುತ್ತದೆ, ಕೊಳವೆಗೆ ಬೆಸೆದ ರಬ್ಬರ್ ಕಿತ್ತು ಬರುತ್ತದೆ. ನಿಂತ ಕಾರಿನಲ್ಲಿ ಅಂಕಿ ಸರಿಯಾಗಿಯೇ ಬರುತ್ತದೆ, ಹಾಳೆ ಹಸಿರಾಗುತ್ತದೆ. ಆ ಹಾಳೆ ನಿಂತ ಕಾರಿನ ಭಾವಚಿತ್ರ, ಓಡುವ ಕಾರಿನದಲ್ಲ. ನಾನು ಇದನ್ನು ಕಲಿತದ್ದು ಎರಡು ಜೊತೆ ಶಾಕ್ ಅಬ್ಸಾರ್ಬರ್ ಕೊಂಡ ಮೇಲೆ, ಆದ್ದರಿಂದ ದನಿ ಕೊಂಚ ಗಡಸಾಗಿದ್ದರೆ ಕ್ಷಮಿಸಿ.

ಹೀಗೆ ಪರೀಕ್ಷಿಸಿ. ಸಮತಟ್ಟಾದ ನೆಲದಲ್ಲಿ ಕಾರಿನ ಎರಡೂ ಪಕ್ಕಕ್ಕೆ ಗಾಲಿಯ ನಡುಮಟ್ಟದ ಎತ್ತರದಲ್ಲಿ ದಾರ ಕಟ್ಟಿ. ಹಿಂದಿನ ಚಕ್ರಗಳ ನಡುವಿನ ಅಗಲ ಮುಂದಿನದಕ್ಕಿಂತ ಸ್ವಲ್ಪ ಹೆಚ್ಚು. ಎರಡು ದಾರಗಳೂ ಒಂದಕ್ಕೊಂದು ಸಮಾನಾಂತರವಾಗಿ, ಎಡಬಲ ಸಮದೂರದಲ್ಲಿ ಇರುವಂತೆ ನೋಡಿಕೊಳ್ಳಿ. ಕಾರನ್ನು ಕೈಯಿಂದ ಹಿಂದಕ್ಕೆ ತಳ್ಳಿ, ಒಳಗೆ ಕೂತವರು ಕೈಬ್ರೇಕ್ ಎಳೆದು ನಿಲ್ಲಿಸಲಿ. ಈ ಕಾರಿನಲ್ಲಿ ಕೈಬ್ರೇಕ್ ಹಿಡಿಯುವುದು ಹಿಂಚಕ್ರಗಳನ್ನೇ. ಬ್ರೇಕ್ ಬಿಡದೆ ರಿಮ್ಮಿನ ಮುಂದಂಚು, ಹಿಂದಂಚಿನಿಂದ ದಾರದ ದೂರ ಅಳೆಯಿರಿ. ಆಮೇಲೆ ಮುಂದಕ್ಕೆ ತಳ್ಳಿ, ಹಾಗೆಯೇ ನಿಲ್ಲಿಸಿ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಸಡಿಲ. 14 ಅಂಗುಲದ ರಿಮ್ಮಿನಲ್ಲಿ ಒಂದು ಮಿಲಿಮೀಟರ್ ಎಂದರೆ ಸುಮಾರು 0.15 ಡಿಗ್ರಿ, ಸಣ್ಣದೆಂದು ಕಡೆಗಣಿಸಬೇಡಿ.

ಕುಪ್ಪಳಿಸುವುದು ಬೇರೆ ಕಾಯಿಲೆ ಇರಬಹುದು. ಶಾಕ್‌ನ ಕಡ್ಡಿಗೆ ಒಂದು ಪ್ಲಾಸ್ಟಿಕ್ ಟೈ ಬಿಗಿದು, ಕೆಳಗೆ ದೇಹದವರೆಗೆ ಇಳಿಸಿ, ಮಾಮೂಲಿ ದಾರಿಯಲ್ಲಿ ಹೋಗಿ ಬನ್ನಿ. ಟೈ ಎಲ್ಲಿಯವರೆಗೆ ಏರಿದೆ ನೋಡಿ.

ಅರ್ಧ ಇಂಚು ಸ್ಪ್ಯಾನರ್:

ಇಷ್ಟೆಲ್ಲ ಅಳೆಯುವುದೇಕೆ? ಅಷ್ಟು ಹಳೆಯ ಬುಷ್ ಹೇಗೂ ಸತ್ತಿರುತ್ತದೆ. ನಾಲ್ಕೂ ಮೂಲೆಗೆ ಪಾಲಿಯುರೆಥೇನ್ (ಗಟ್ಟಿ ಪ್ಲಾಸ್ಟಿಕ್) ಬುಷ್ ಹಾಕಿ ಮರೆತುಬಿಡಿ.

ಹಳೆಯ ಗಾಲಿ:

ಪಾಲಿ ಹಾಕಿ ಮರೆತವರ ಕಾರು ವರ್ಷ ತುಂಬುವುದರೊಳಗೆ ಕಿರುಗುಟ್ಟುವುದನ್ನು ಕೇಳಿದ್ದೇನೆ. ರಬ್ಬರ್ ಬುಷ್ ತಾನೇ ತಿರುಚಿಕೊಳ್ಳುತ್ತದೆ; ಪಾಲಿ ಕೊಳವೆಯ ಮೇಲೆ ಜಾರಬೇಕು, ಅದಕ್ಕೆ ಗ್ರೀಸ್ ಬೇಕು. ರೇಸಿಗೆ ಸರಿ. ಮತ್ತು ಅಂಟಿಕೊಂಡ ಬೋಲ್ಟನ್ನು ಯಾವ ಬುಷ್ ಹಾಕುವವರೂ ಮೊದಲು ಬಿಡಿಸಲೇಬೇಕಲ್ಲ. ಅಳೆಯದೆ ಬಿಚ್ಚಿದರೆ ಮುಂದಿನ ಸಲ ಏನು ಬದಲಾಯಿತೆಂದು ಹೇಗೆ ತಿಳಿಯುತ್ತದೆ?

ಮೂರನೇ ಗೇರ್:

ಭಾನುವಾರ ಇಡೀ ದಿನ ಮಾಡಿದೆ. ಟೈರು ಎರಡು ವರ್ಷದ್ದು, ಅದಲುಬದಲು ಮಾಡಿದರೂ ಕಾಯಿಲೆ ಎಡ ತಿರುವಿನಲ್ಲೇ ಇದೆ. ದಾರದ ಲೆಕ್ಕ: ಎಡ ಹಿಂಚಕ್ರ ಹಿಂದಕ್ಕೆ ತಳ್ಳಿ ನಿಲ್ಲಿಸಿದಾಗ 1.5 ಮಿಲಿಮೀಟರ್ ಒಳಕ್ಕೆ, ಮುಂದಕ್ಕೆ ತಳ್ಳಿದಾಗ 1 ಮಿಲಿಮೀಟರ್ ಒಳಕ್ಕೆ. ಬಲ ಹಿಂಚಕ್ರ 2 ಮಿಲಿಮೀಟರ್ ಒಳಕ್ಕೆ, ಆಮೇಲೆ 1.5 ಮಿಲಿಮೀಟರ್ ಹೊರಕ್ಕೆ! ನಂಬದೆ ಮೂರು ಸಲ ಅಳೆದೆ.

ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸನ್ನೆಕೋಲು ಹಾಕಿದೆ. ಬಲಗಡೆಯ ಕೆಳತೋಳಿನ ಹಿಂದಿನ ಬುಷ್‌ನಲ್ಲಿ ರಬ್ಬರ್‌ಗೂ ಕೊಳವೆಗೂ ನಡುವೆ ಅರ್ಧಚಂದ್ರದಂಥ ಕಪ್ಪು ಸಂದು ಬಾಯಿ ಬಿಟ್ಟಿತು. ಕೋಲು ಸಡಿಲಿಸಿದರೆ ಮುಚ್ಚಿಕೊಂಡಿತು. ಸಂದಿನ ಅಂಚಿನ ರಬ್ಬರ್ ಹೊಸದಾಗಿ ಹರಿದ ಹಾಗೆ ಹೊಳೆಯುತ್ತಿತ್ತು. ಮುಚ್ಚಿದಾಗ ನೋಡಿದ್ದರೆ ನಾನೂ ಸರಿಯಿದೆ ಎನ್ನುತ್ತಿದ್ದೆ. ಟೈ ಮಾತ್ರ ಹಾಲು ತರಲು ಹೋಗಿ ಬಂದಷ್ಟಕ್ಕೇ ಮೇಲಿನ ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಕುಸಿಯದಂತೆ ತಡೆಯುವ ತುಂಡು) ಒತ್ತಿ ನಿಂತಿತ್ತು.

ಹಳೆಯ ಗಾಲಿ:

ಅಲ್ಲಿಗೆ ಎರಡು ಕಾಯಿಲೆ: ಒಂದು ಹರಿದ ಬುಷ್, ಇನ್ನೊಂದು ಕಾರು ತಗ್ಗಿಸಿದ್ದರಿಂದ ಚಕ್ರ ಏರಲು ಜಾಗವಿಲ್ಲದ್ದು. ಬೋಲ್ಟನ್ನು ಬಡಿದು ತೆಗೆಯಲು ಹೋಗಬೇಡಿ, ಬ್ರಾಕೆಟ್ ಬಾಗುತ್ತದೆ. ಬುಷ್‌ಗೂ ಬ್ರಾಕೆಟ್‌ಗೂ ನಡುವೆ ಗರಗಸ ಹಾಕಿ ಎರಡು ಕಡೆ ಕತ್ತರಿಸಿ, ಹೊಸ ಬೋಲ್ಟ್, ವಾಷರ್, ನಟ್ ಹಾಕಿ. ಹೊಸ ಬೋಲ್ಟಿನ ಮೈಗೆ ಗ್ರೀಸ್ ಸವರಿ, ನಟ್ ಕೂರುವ ಸುರುಳಿ ಗೀರುಗಳಿಗೆ ಬೇಡ. ಇನ್ನೊಂದು: ಚಕ್ರ ನೇತಾಡುವಾಗ ಕೊನೆಯ ಬಿಗಿ ಕೊಡಬೇಡಿ. ಕಾರನ್ನು ಚಕ್ರಗಳ ಮೇಲೆ ಇಳಿಸಿ, ತನ್ನ ಭಾರಕ್ಕೆ ಕುಳಿತ ಮೇಲೆ ಬಿಗಿಯಿರಿ. ಇಲ್ಲವಾದರೆ ಹೊಸ ರಬ್ಬರ್ ಹುಟ್ಟಿದಾಗಿನಿಂದಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ಎಡಗಡೆಯದನ್ನೂ ಈಗಲೇ ಮಾಡಿಬಿಡಿ. ಅಲೈನ್‌ಮೆಂಟ್ ಕೊನೆಗೆ.

ಮೂರನೇ ಗೇರ್:

ಮೂರು ವಾರ ಹಿಡಿಯಿತು, ಅದರಲ್ಲಿ ಎರಡು ಸಂಜೆ ಬರೀ ಗರಗಸಕ್ಕೆ. ಎರಡೂ ಕಡೆ ರಬ್ಬರ್ ಬುಷ್, ಹೊಸ ಬೋಲ್ಟ್. ಮತ್ತೆ ದಾರ ಕಟ್ಟಿದೆ: ಬಲ ಹಿಂಚಕ್ರ ಹಿಂದೆ ಮುಂದೆ ತಳ್ಳಿದರೂ ಅರ್ಧ ಮಿಲಿಮೀಟರ್ ಕೂಡ ಕದಲುವುದಿಲ್ಲ. ಎಡ ತಿರುವಿನಲ್ಲಿ ಬೇಕೆಂದೇ ಕಾಲೆತ್ತಿ ನೋಡಿದೆ, ಮೂತಿ ಒಂದಿಷ್ಟು ಒಳಕ್ಕೆ ಬಂದು ಸುಮ್ಮನಾಯಿತು. ಒಂಬತ್ತು ವರ್ಷದ ಹಳೆಯ ಪರಿಚಯ.

ಸೇತುವೆಯ ಕೂಡುಪಟ್ಟಿಯಲ್ಲಿ ಇನ್ನೂ ಕುಪ್ಪಳಿಸುತ್ತದೆ. ತಗ್ಗಿಸಿದ ಕಾರು ನೋಡಲು ಚೆಂದ ಎಂಬ ಹಟ ಒಂದು ವಾರ ಉಳಿಯಿತು. ಕಂಪನಿಯ ಹಳೆಯ ಸ್ಪ್ರಿಂಗ್‌ಗಳು ಅಟ್ಟದಲ್ಲಿವೆ, ನಾಳೆ ಇಳಿಸುತ್ತೇನೆ. ಈ ಸಲ ಅಲೈನ್‌ಮೆಂಟ್ ಮಾಡುವವರ ಪಕ್ಕದಲ್ಲೇ ನಿಂತಿರುತ್ತೇನೆ.