ಸ್ಟ್ರೆಂತ್ 96, ಕ್ವಾಲಿಟಿ 30: ಅನಲಾಗ್ ನಿಂತ ಮೇಲೆ ಚಾನೆಲ್ ಒಡೆಯುತ್ತಿದೆ, ಸಹಾಯ ಬೇಕು

ಮಾಳಿಗೆಮನೆ:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒದ್ದಾಡುತ್ತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನಮ್ಮಲ್ಲಿ ಅನಲಾಗ್ ಪ್ರಸಾರ ನಿಂತಿದೆ. ಮಾಳಿಗೆ ಮೇಲೆ ಹಳೇ ಯುಎಚ್‌ಎಫ್ (ಮೇಲಿನ ಫ್ರೀಕ್ವೆನ್ಸಿಯ) ಟಿವಿ ಆಂಟೆನಾ, ಅದರ ಕಂಬಕ್ಕೇ ಕಟ್ಟಿದ, ಸಿಗ್ನಲ್ ಹಿಗ್ಗಿಸುವ ಬೂಸ್ಟರ್. ಅನಲಾಗ್ ಇದ್ದಾಗ ಸ್ವಲ್ಪ ಗ್ರೇನ್ಸ್ ಬರುತ್ತಿತ್ತು. ಒಂದು ಚಾನೆಲ್‌ನಲ್ಲಿ ಮುಖದ ಪಕ್ಕ ನೆರಳು ಕಾಣುತ್ತಿತ್ತು. ಆದರೂ ಅಮ್ಮ ಒಂದು ದಿನವೂ ವಾರ್ತೆ ತಪ್ಪಿಸಿಕೊಂಡವರಲ್ಲ.

ಈಗ ಆಂಟೆನಾದಿಂದ ಡಿಜಿಟಲ್ ಟಿವಿ ಹಿಡಿಯುವ ಡಿವಿಬಿ-ಟಿ2 ಬಾಕ್ಸ್ ಹಾಕಿದ್ದೇನೆ. ಬೆಳಿಗ್ಗೆ ಚಿತ್ರ ತುಂಬಾ ಚೆನ್ನಾಗಿರುತ್ತದೆ. ಸಂಜೆ ಏಳು ದಾಟಿತೋ, ಚೌಕ ಚೌಕವಾಗಿ ಒಡೆಯುತ್ತದೆ, ಮಾತು ಕಚಕಚ ಎನ್ನುತ್ತದೆ, ಆಮೇಲೆ ‘ಸಿಗ್ನಲ್ ಇಲ್ಲ’. ಸಿಗ್ನಲ್ ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಜೋರಾದ ಬೂಸ್ಟರ್ ಹಾಕಿದೆ. ಮತ್ತಷ್ಟು ಹದಗೆಟ್ಟಿತು. ಮೆನುವಿನಲ್ಲಿ ಸ್ಟ್ರೆಂತ್ 96 ಇದೆ, ಕ್ವಾಲಿಟಿ ಮಾತ್ರ 30ರ ಆಸುಪಾಸು. ಅಮ್ಮ ‘ಹಳೇದೇ ಚೆನ್ನಾಗಿತ್ತಲ್ವಾ’ ಅಂತ ದಿನಾ ಕೇಳುತ್ತಾರೆ. ಉತ್ತರ ಕೊಡೋಕೆ ಆಗುತ್ತಿಲ್ಲ.

ಬೆಸುಗೆಕಡ್ಡಿ:

ಸರ್, ನಿಮ್ಮ ಅಮ್ಮ ಹೇಳುವುದರಲ್ಲಿ ನಿಜ ಇದೆ. ಅನಲಾಗ್ ಚಿತ್ರ ನಿಧಾನವಾಗಿ ಕೆಡುತ್ತಿತ್ತು. ಸಿಗ್ನಲ್ ಇಳಿದ ಹಾಗೆ ಗ್ರೇನ್ಸ್ ಹೆಚ್ಚಾಗುತ್ತಿತ್ತು, ಆದರೂ ಮನುಷ್ಯರು ಕಾಣುತ್ತಿದ್ದರು. ಡಿಜಿಟಲ್‌ನಲ್ಲಿ ಬಾಕ್ಸ್ ತಪ್ಪುಗಳನ್ನು ತಾನೇ ತಿದ್ದಿಕೊಂಡು ಕೊನೆಯವರೆಗೂ ಚೊಕ್ಕ ಚಿತ್ರ ಕೊಡುತ್ತದೆ. ತಿದ್ದುವ ಶಕ್ತಿ ಮೀರಿದ ತಕ್ಷಣ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಚೆನ್ನಾಗಿದ್ದಾಗಲೂ ನೀವು ಅಂಚಿನಲ್ಲೇ ಇದ್ದಿರಬಹುದು, ಪರದೆ ನೋಡಿದರೆ ಗೊತ್ತಾಗುವುದಿಲ್ಲ.

ಸ್ಟ್ರೆಂತ್ ನಂಬಬೇಡಿ. ಅದು ಎಷ್ಟು ಬರುತ್ತಿದೆ ಅಂತಷ್ಟೇ ಹೇಳುತ್ತದೆ, ಕಸವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಬಂದದ್ದು ಎಷ್ಟು ಅರ್ಥವಾಗುತ್ತಿದೆ ಅನ್ನುವುದು ಕ್ವಾಲಿಟಿ. 96 ಇದ್ದು 30 ಅಂದರೆ ನಿಮಗೆ ಸಿಗ್ನಲ್ ಕಡಿಮೆ ಅಲ್ಲ, ಬಹುಶಃ ವಿಪರೀತ ಜಾಸ್ತಿ.

ಒಂದು ಕೆಲಸ ಮಾಡಿ. ಯಾವ ಚಾನೆಲ್‌ಗಳು ಒಟ್ಟಿಗೆ ಒಡೆಯುತ್ತವೆ ಅಂತ ಬರೆದಿಟ್ಟುಕೊಳ್ಳಿ. ಡಿಜಿಟಲ್‌ನಲ್ಲಿ ಒಂದೇ ಫ್ರೀಕ್ವೆನ್ಸಿ ಮೇಲೆ ಹಲವು ಚಾನೆಲ್ ಬರುತ್ತವೆ, ಅದಕ್ಕೇ ಮಲ್ಟಿಪ್ಲೆಕ್ಸ್ ಅನ್ನುತ್ತೇವೆ. ಹೋದರೆ ಇಡೀ ಗುಂಪು ಹೋಗುತ್ತದೆ.

ಮಾಳಿಗೆಮನೆ:

ಬರೆದೆ. ಮೂರು ಗುಂಪು ಇವೆ. 490 ಮೆಗಾಹರ್ಟ್ಸ್‌ನದು ಸಂಜೆಯೂ ತಡೆದುಕೊಳ್ಳುತ್ತದೆ. 594ರದು ಒಡೆಯುತ್ತದೆ. 682ರದು ಸಂಜೆ ಬರುವುದೇ ಇಲ್ಲ.

ತಂತಿಗಾರ:

ಫ್ರೀಕ್ವೆನ್ಸಿ ಮೇಲೆ ಹೋದಷ್ಟೂ ಕೆಡುತ್ತಿದೆ, ಅದೂ ಸಂಜೆ ಹೊತ್ತು. ನನಗೆ ಮೊಬೈಲ್ ಟವರ್ ಮೇಲೆ ಅನುಮಾನ.

ಹಳೇ ಬೂಸ್ಟರ್‌ಗಳನ್ನು 862 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡಲು ತಯಾರಿಸುತ್ತಿದ್ದರು. ಟಿವಿ ಬ್ಯಾಂಡ್ ಆಗ ಅಲ್ಲಿಯವರೆಗೂ ಇತ್ತು. ಅನಲಾಗ್ ಬಿಟ್ಟುಕೊಟ್ಟ ಜಾಗದಲ್ಲಿ ಬಹಳ ಕಡೆ ಮೊದಲು 800, ಆಮೇಲೆ 700 ಮೆಗಾಹರ್ಟ್ಸ್ ಬ್ಯಾಂಡ್ ಮೊಬೈಲ್‌ಗೆ ಹೋಯಿತು. ನಿಮ್ಮ ಬೂಸ್ಟರ್‌ಗೆ ಈ ಸುದ್ದಿ ಗೊತ್ತಿಲ್ಲ. ಹತ್ತಿರದ ಟವರ್‌ನ 4ಜಿಯನ್ನೂ ಅದು ಟಿವಿ ಅಂತಲೇ ಹಿಗ್ಗಿಸುತ್ತದೆ. ಸಂಜೆ ಎಲ್ಲರ ಕೈಯಲ್ಲೂ ಫೋನ್, ಟವರ್‌ಗೆ ಕೆಲಸ ಜಾಸ್ತಿ. ಬೂಸ್ಟರ್ ಉಸಿರುಗಟ್ಟಿ ಇಲ್ಲದ ಸಿಗ್ನಲ್‌ಗಳನ್ನು ತಾನೇ ಹುಟ್ಟಿಸಿ ಎಲ್ಲ ಕಡೆ ಚೆಲ್ಲುತ್ತದೆ. ಸ್ಟ್ರೆಂತ್ ಏರುತ್ತದೆ, ಕ್ವಾಲಿಟಿ ಬೀಳುತ್ತದೆ.

ಇನ್ನೊಂದು ಕಾರಣವೂ ಇದೆ. ಎರಡೂ ಪ್ರಸಾರ ಒಟ್ಟಿಗೆ ನಡೆಯುವಾಗ ಅನಲಾಗ್‌ಗೆ ತೊಂದರೆ ಆಗಬಾರದು ಅಂತ ಡಿಜಿಟಲ್ ಅನ್ನು ಕಡಿಮೆ ಪವರ್‌ನಲ್ಲಿ ಬಿಡುವುದುಂಟು. ಲಂಡನ್‌ನ ಕ್ರಿಸ್ಟಲ್ ಪ್ಯಾಲೇಸ್ ಗೋಪುರದಲ್ಲಿ 2012ರ ಏಪ್ರಿಲ್‌ನಲ್ಲಿ ಅನಲಾಗ್ ನಿಂತಾಗ ಮುಖ್ಯ ಮಲ್ಟಿಪ್ಲೆಕ್ಸ್‌ಗಳನ್ನು 20ರಿಂದ 200 ಕಿಲೋವ್ಯಾಟ್‌ಗೆ ಏರಿಸಿದರು. ಹತ್ತು ಪಟ್ಟು! ಮೊದಲು ಬೂಸ್ಟರ್ ಇಲ್ಲದೆ ಆಗದ ಮನೆಗೆ ಆಮೇಲೆ ಬೂಸ್ಟರೇ ಕಂಟಕ ಆಗಬಹುದು. ಅದನ್ನು ತೆಗೆದು ನೋಡಿ.

ಮಾಳಿಗೆಮನೆ:

ಬೂಸ್ಟರ್‌ನ ಅಡಾಪ್ಟರ್ ಪ್ಲಗ್ ತೆಗೆದೆ. ಈಗ ಒಂದು ಚಾನೆಲ್ಲೂ ಇಲ್ಲ, ಸ್ಟ್ರೆಂತ್ 8. ಅಂದರೆ ಬೂಸ್ಟರ್ ಬೇಕೇ ಬೇಕು ಅಂತಲ್ವಾ?

ಬೆಸುಗೆಕಡ್ಡಿ:

ಅಲ್ಲ ಸರ್, ಅಡಾಪ್ಟರ್ ಮಾತ್ರ ತೆಗೆದರೆ ಸಾಲದು. ಮೇಲಿನ ಬೂಸ್ಟರ್‌ಗೆ ಕರೆಂಟ್ ಹೋಗುವುದು ಅದೇ ಕೇಬಲ್ ಮೂಲಕ. ಕರೆಂಟ್ ಇಲ್ಲದ ಬೂಸ್ಟರ್ ಮುಚ್ಚಿದ ಬಾಗಿಲಿದ್ದ ಹಾಗೆ, ಸಿಗ್ನಲ್ ಒಳಗೆ ಬಿಡುವುದಿಲ್ಲ. ಮಾಳಿಗೆಗೆ ಹೋಗಿ ಬೂಸ್ಟರ್ ಅನ್ನೇ ಬಿಚ್ಚಿ, ಆಂಟೆನಾದಿಂದ ಬರುವ ಕೇಬಲ್ಲನ್ನು ಕೆಳಗೆ ಹೋಗುವ ಕೇಬಲ್‌ಗೆ ಜಾಯಿಂಟರ್ ಹಾಕಿ ನೇರ ಸೇರಿಸಿ. ಅಡಾಪ್ಟರನ್ನೂ ಪೂರ್ತಿ ತೆಗೆದಿಡಿ. ಮಳೆ ಗಾಳಿ ಇಲ್ಲದಾಗ ಹತ್ತಿ, ಒಬ್ಬರೇ ಹೋಗಬೇಡಿ.

ಯಾರಾದರೂ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ ಅಂದಾರು. ಅದನ್ನು ಬಾಕ್ಸ್ ಪಕ್ಕ ಹಾಕಿದರೆ ಈ ತೊಂದರೆ ಸರಿಹೋಗುವುದಿಲ್ಲ. ಮೇಲೆ ಬೂಸ್ಟರ್‌ನಲ್ಲೇ ಕೆಟ್ಟ ಸಿಗ್ನಲ್ಲನ್ನು ಕೆಳಗೆ ಎಷ್ಟು ತಗ್ಗಿಸಿದರೂ ಅದು ಕೆಟ್ಟದ್ದೇ.

ಹೊಸಬ್ಯಾಂಡ್:

ಆಂಟೆನಾನೇ ಬದಲಾಯಿಸಿ. ‘ಡಿಜಿಟಲ್ ಆಂಟೆನಾ’ ಅಂತಲೇ ಸಿಗುತ್ತದೆ.

ತಂತಿಗಾರ:

ಸ್ನೇಹಿತರೇ, ದಯವಿಟ್ಟು ಈ ಸಲಹೆ ಬೇಡ. ಆಂಟೆನಾಗೆ ಅನಲಾಗ್, ಡಿಜಿಟಲ್ ಅಂತ ಭೇದ ಇಲ್ಲ. ಅದಕ್ಕೆ ಗೊತ್ತಿರುವುದು ಫ್ರೀಕ್ವೆನ್ಸಿ ಮಾತ್ರ. ನೋಡಬೇಕಾದ್ದು ಅದು ಯುಎಚ್‌ಎಫ್‌ನದೋ ಅದಕ್ಕಿಂತ ಕೆಳಗಿನ ವಿಎಚ್‌ಎಫ್ ಬ್ಯಾಂಡಿನದೋ, ಟಿವಿ ಟವರ್ ಕಡೆ ಮುಖ ಮಾಡಿದೆಯೋ, ಕಡ್ಡಿಗಳು ಮಲಗಿವೆಯೋ ನಿಂತಿವೆಯೋ ಅಂತ. ಅಮೆರಿಕದಲ್ಲಿ 2009ರ ಜೂನ್ 12ರಂದು ದೊಡ್ಡ ಸ್ಟೇಷನ್‌ಗಳು ಅನಲಾಗ್ ನಿಲ್ಲಿಸಿದಾಗ ಕೆಲವು ತಮ್ಮ ಡಿಜಿಟಲ್ ಪ್ರಸಾರವನ್ನು ಯುಎಚ್‌ಎಫ್‌ನಿಂದ ಹಳೇ ವಿಎಚ್‌ಎಫ್ ಜಾಗಕ್ಕೆ ತಂದವು. ಮನೆಯೊಳಗಿನ ಪುಟ್ಟ ಯುಎಚ್‌ಎಫ್ ಆಂಟೆನಾ ನಂಬಿದವರಿಗೆ ಆ ಚಾನೆಲ್‌ಗಳೇ ಮಾಯ. ಇವರದು ಯುಎಚ್‌ಎಫ್, ಚಾನೆಲ್‌ಗಳೂ ಅಲ್ಲೇ ಇವೆ. ಅವರು ಹೇಳಿದ ನೆರಳಿಗೂ ಹೆದರಬೇಕಾಗಿಲ್ಲ. ಕಟ್ಟಡಕ್ಕೆ ಬಡಿದು ತಡವಾಗಿ ಬರುವ ಸಿಗ್ನಲ್ಲಿಗೆ ಅಂತಲೇ ಡಿವಿಬಿ-ಟಿ2ನಲ್ಲಿ ಪ್ರತಿ ಸಿಂಬಲ್ (ಕಳಿಸುವ ಮಾಹಿತಿಯ ಒಂದು ತುಣುಕು) ನಡುವೆ ಒಂದಿಷ್ಟು ಸಮಯ ಬಿಟ್ಟಿರುತ್ತಾರೆ.

ಮಾಳಿಗೆಮನೆ:

ಇವತ್ತು ತಮ್ಮನ ಜೊತೆ ಹತ್ತಿದೆ. ಬೂಸ್ಟರ್ ಬಿಚ್ಚಿ ನೇರ ಸೇರಿಸಿ, ಚಾನೆಲ್ ಮತ್ತೆ ಸ್ಕ್ಯಾನ್ ಮಾಡಿದೆ. ರಾತ್ರಿ ಎಂಟಕ್ಕೆ ನೋಡಿದ್ದು: 490ಕ್ಕೆ ಸ್ಟ್ರೆಂತ್ 64, ಕ್ವಾಲಿಟಿ 92. 594ಕ್ಕೆ 61 ಮತ್ತು 88. ಸ್ಟ್ರೆಂತ್ ಇಳಿದು ಕ್ವಾಲಿಟಿ ಏರಿದೆ, ಕಣ್ಣಾರೆ ನೋಡಿದರೂ ನಂಬೋಕೆ ಆಗಲಿಲ್ಲ! ಅಮ್ಮ ಪೂರ್ತಿ ವಾರ್ತೆ ನೋಡಿದರು. ನಿಮ್ಮಿಬ್ಬರಿಗೂ ಎಷ್ಟು ಹೇಳಿದರೂ ಕಡಿಮೆ.

ಆದರೆ 682ರ ಕ್ವಾಲಿಟಿ ಇನ್ನೂ 55ರಲ್ಲೇ ಇದೆ. ಗಾಳಿ ಬೀಸಿದಾಗ ಒಡೆಯುತ್ತದೆ.

ಬೆಸುಗೆಕಡ್ಡಿ:

ಗಾಳಿಗೆ ಕುಣಿಯುವುದು ಅಂದರೆ ಎಲ್ಲೋ ಸಡಿಲ ಇದೆ. ಕೇಬಲ್ ಕೆಟ್ಟಾಗ ಸಾಮಾನ್ಯವಾಗಿ ಮೇಲಿನ ಫ್ರೀಕ್ವೆನ್ಸಿಗೇ ಮೊದಲ ಪೆಟ್ಟು. ಆಂಟೆನಾ ಡಬ್ಬಿಯ ಮುಚ್ಚಳ ತೆಗೆದು ಫೋಟೋ ಹಾಕಿ.

ಮಾಳಿಗೆಮನೆ:

ಫೋಟೋ ಹಾಕಿದ್ದೇನೆ. ಮುಚ್ಚಳದ ರಬ್ಬರ್ ಸೀಳಿದೆ. ಒಳಗಿನ ತಾಮ್ರದ ತಂತಿ ಹಸಿರುಗಟ್ಟಿದೆ, ಸ್ಕ್ರೂ ಕೈಯಲ್ಲೇ ತಿರುಗಿತು. ಹೊರಗಿನ ಜಾಲರಿಯ ಒಂದೇ ಒಂದು ಎಳೆ, ಕೂದಲಿನಷ್ಟು ಸಣ್ಣದು, ನಡುವಿನ ತಂತಿಗೆ ಹೆಚ್ಚೂಕಡಿಮೆ ತಾಗಿಕೊಂಡಿತ್ತು. ಕೇಬಲ್ ತುದಿ ಒತ್ತಿದರೆ ನೀರು ಜಿನುಗಿತು.

ಬೆಸುಗೆಕಡ್ಡಿ:

ಸಿಕ್ಕಿತು! ಆ ಎಳೆ ಗಾಳಿಗೆ ಅಲ್ಲಾಡಿ ಆಗಾಗ ಶಾರ್ಟ್ ಆಗುತ್ತಿತ್ತು. ನೀರು ಹೊಕ್ಕ ಕೇಬಲ್ ಒಣಗಿಸಿ ಪ್ರಯೋಜನ ಇಲ್ಲ, ಜಾಲರಿ ಗುಂಟ ಅದು ಎಷ್ಟೋ ದೂರ ಇಳಿದಿರುತ್ತದೆ. ಪೂರ್ತಿ ಹೊಸ ಆರ್‌ಜಿ-6 ಟಿವಿ ಕೇಬಲ್ ಎಳೆಯಿರಿ, ಆದಷ್ಟು ಒಂದೇ ತುಂಡು. ತುದಿ ಸುಲಿಯುವಾಗ ಜಾಲರಿಯ ಎಳೆಗಳನ್ನೆಲ್ಲ ಹಿಂದಕ್ಕೆ ಮಡಚಿ, ಬೆರಳಲ್ಲಿ ಸವರಿ ನೋಡಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಕೆಳಗೆ ಜೋತುಬೀಳುವ ಹಾಗೆ ಒಂದು ಬಳಸು ಬಿಡಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ರಾತ್ರಿಕೇಳುಗ:

ನಡುವೆ ಬಂದೆ, ಕ್ಷಮಿಸಿ. ನನ್ನದು ರೇಡಿಯೋ. ಅಡುಗೆಮನೆ ದೀಪ ಹಾಕಿದರೆ ಡಿಎಬಿ (ಡಿಜಿಟಲ್ ರೇಡಿಯೋ) ನಿಂತುಹೋಗುತ್ತದೆ. ಮನೆಯ ಹಳೇ ಎಫ್‌ಎಂ ಸೆಟ್‌ಗೆ ಏನೂ ಆಗುವುದಿಲ್ಲ.

ತಂತಿಗಾರ:

ಅದು ಎಲ್‌ಇಡಿ ದೀಪವಾ? ಕಳಪೆ ಎಲ್‌ಇಡಿಯೊಳಗಿನ ಸರ್ಕ್ಯೂಟ್ ಡಿಎಬಿ ಇರುವ 174ರಿಂದ 240 ಮೆಗಾಹರ್ಟ್ಸ್‌ನಲ್ಲೇ ಗಲಾಟೆ ಎಬ್ಬಿಸಬಹುದು. ಎಫ್‌ಎಂ 108ಕ್ಕೇ ಮುಗಿಯುತ್ತದೆ, ಅದಕ್ಕೇ ಅದು ಪಾರು. ಬಲ್ಬ್ ಬದಲಿಸಿ, ರೇಡಿಯೋವನ್ನು ಕಿಟಕಿ ಹತ್ತಿರ ಇಟ್ಟು ಆಂಟೆನಾ ನೆಟ್ಟಗೆ ನಿಲ್ಲಿಸಿ. ಬೇರೆ ವಿವರ ಇದ್ದರೆ ಹೊಸ ಚರ್ಚೆ ತೆರೆಯಿರಿ, ಅಲ್ಲಿ ನೋಡೋಣ.

ಮಾಳಿಗೆಮನೆ:

ಹೊಸ ಕೇಬಲ್ ಎಳೆದು ನಾಲ್ಕು ದಿನ ಆಯಿತು. ಬಳಸೂ ಬಿಟ್ಟಿದ್ದೇನೆ. ಈಗ ಹೊರಗೆ ಗಾಳಿ, ಮಳೆ ಎರಡೂ ಜೋರಾಗಿವೆ. ಬಳಸಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. 682ರ ಕ್ವಾಲಿಟಿ 84, ಒಮ್ಮೆಯೂ ಕದಲಿಲ್ಲ.